ಸಂತಾಪ ನಿರ್ಣಯ, ಮೂರನೇ ಕರಡು

'ಈ ಊರಿನ ಹಿರಿಯ ವರ್ತಕರೂ
ಎರಡು ಅವಧಿಗೆ ಮೇಯರರೂ ಆಗಿದ್ದ
ಶ್ರೀ ರೇನೋ ಹಾಪಲಾ ಅವರ ನಿಧನದಿಂದ
ತುಂಬಲಾರದ ನಷ್ಟ...'
ಇಲ್ಲಿಗೆ ನಿಲ್ಲುತ್ತದೆ ಪೆನ್ನು, ಮೂರನೇ ಸಲ.

ಕೇಳಿದ್ದರೆ ನಗುತ್ತಿದ್ದ.
ನಷ್ಟವೆಂದರೆ ಅವನಿಗೆ
ತುಕ್ಕು ಹಿಡಿದ ಒಂದು ಡಬ್ಬ ಮೊಳೆ,
ಏಪ್ರಿಲ್ ಬಂದರೂ ಬಿಕರಿಯಾಗದ ಹಿಮದ ಸಲಿಕೆ,
ಕಿರ್ದಿಯ ಕೊನೆಯಲ್ಲಿ ಕೆಂಪು ಶಾಯಿ.
ತುಂಬಲಾರದ್ದು ಎಂಬ ಮಾತೇ ಇರಲಿಲ್ಲ.
'ಮಂಗಳವಾರ ಲಾರಿ ಬರುತ್ತೆ' ಅನ್ನುತ್ತಿದ್ದ.

ಇಪ್ಪತ್ತಾರು ವರ್ಷ ಸಭೆಯ ನಡಾವಳಿ ಬರೆದವಳು ನಾನು.
ಮೇಜು ಗುದ್ದಿದವರ ಮಾತು ಪುಟಗಟ್ಟಲೆ ಇದೆ,
ಅವನದನ್ನು ಹುಡುಕಬೇಕು.
'ಹಾಪಲಾ: ಆಗಲಿ.'
'ಹಾಪಲಾ: ಏಣಿ ಯಾರು ತರ್ತೀರಿ?'
'ಹಾಪಲಾ: ಬೇಡ.'
ಒಂದೇ ಒಂದು ಸಲ ಮೂರು ಸಾಲು,
ತಾಮ್ರದ ಗಣಿ ಮುಚ್ಚಿದ ಚಳಿಗಾಲ,
ಬೀದಿ ದೀಪ ಆರಿಸಿ ಹಣ ಉಳಿಸೋಣ ಎಂದಾಗ:
'ಕೆಲಸ ಹೋದವನಿಗೆ ನಿದ್ದೆ ಬರೋದಿಲ್ಲ.
ರಾತ್ರಿಯೆಲ್ಲ ನಡೀತಾನೆ.
ಅವನಿಗೆ ದಾರಿ ಕಾಣಬೇಕು.'
ಖರ್ಚು ಯಾರದು ಎಂದರು. ಉತ್ತರ ನಡಾವಳಿಯಲ್ಲಿಲ್ಲ.
ದೀಪ ಆರಲಿಲ್ಲ.
ಆ ಫೆಬ್ರವರಿಯಿಂದ ಅವನು ಅಂಗಡಿಗೆ ನಡೆದೇ ಬಂದ,
ಹಸಿರು ಟ್ರಕ್ಕು ಯಾರಿಗೆ ಮಾರಿದನೋ ನಾವು ಕೇಳಲಿಲ್ಲ.

ದೇವರೇನಲ್ಲ, ಬರೆದುಕೊಳ್ಳಿ.
ಗುಡ್ಡದ ಶಾಲೆ ಮುಚ್ಚುವುದಕ್ಕೆ ಕೈ ಎತ್ತಿದ್ದ.
ಅಲ್ಲಿ ಪಾಠ ಹೇಳುತ್ತಿದ್ದ ನನ್ನ ಅಕ್ಕ
ಎದುರಿಗೇ ಅವನ ಅಂಗಡಿಯಿದ್ದರೂ
ಮೂವತ್ತು ಮೈಲಿ ಹೋಗಿ ಬಲ್ಬು ತಂದಳು, ಹತ್ತು ವರ್ಷ.
'ಸರಿಯಾಗಿಯೇ ಮಾಡ್ತಿದ್ದಾಳೆ' ಅಂದ,
ತೂಕದ ಮುಳ್ಳಿನಿಂದ ಕಣ್ಣೆತ್ತದೆ.

ಮೂರನೇ ಚುನಾವಣೆ, ಒಂಬತ್ತು ಮತಗಳಿಂದ ಸೋತ.
ಮರುದಿನ ಬೆಳಕು ಹರಿಯುವ ಮೊದಲೇ
ಕಂಬ ಕಂಬಕ್ಕೆ ಏಣಿ ಹಾಕಿ ಫಲಕ ಇಳಿಸುತ್ತಿದ್ದ,
ತನ್ನವೂ, ಗೆದ್ದ ಮಾರ್ಸೆಲ್ ಬೋಶನವೂ.
'ಮೊಳೆ ಎಲ್ಲ ನಮ್ಮ ಅಂಗಡಿಯದೇ' ಅಂದ.
ಹೊಸ ಮೇಯರ್ ಕೋಣೆಗೆ ಬಣ್ಣ ಕೊಳ್ಳಲು ಬಂದಾಗ
ಒಂದು ಪೈಸೆ ಬಿಡಲಿಲ್ಲ.

ಮೊನ್ನೆ ಮಗಳು ಐಲಿ ಒಂದು ಮರದ ಖಾನೆ ತಂದಿಟ್ಟಳು.
ಊರಿನ ಬೀಗದ ಕೈಗಳು.
ಚಳಿಯಲ್ಲಿ ಕೀಲಿ ಕಳಕೊಂಡು ಯಾರೂ ಹೊರಗೆ ಹೆಪ್ಪುಗಟ್ಟಬಾರದೆಂದು
ಕೇಳಿದವರದೊಂದು ನಕಲು ಇಟ್ಟುಕೊಂಡಿದ್ದ.
ಇನ್ನೂರ ಹದಿನಾಲ್ಕು ಕೈ, ಒಂದರ ಮೇಲೊಂದು ಮಲಗಿ,
ದಾರ ಕಟ್ಟಿದ ಚೀಟಿಯಲ್ಲಿ ಅವನ ಕೋಳಿಕಾಲು ಅಕ್ಷರ:
'ಲಾರ್ಸ್, ಹಿಂಬಾಗಿಲು, ಎತ್ತಿ ತಿರುಗಿಸು.'
'ಬೇಕರಿ.'
'ವಿಧವೆ ನೀಮಿ. ಮನೆ ಈಗ ಇಲ್ಲ.'
ಇಲ್ಲದ ಮನೆಯ ಕೀಲಿಗೂ ಎಣ್ಣೆ ಹಚ್ಚಿದ್ದ.

ಒಯ್ಯಿರಿ ಎಂದು ಹೇಳಿ ಕಳಿಸಿದೆವು. ಜನ ಬಂದರು,
ಬೂಟಿನ ಹಿಮ ಕೊಡವಿದರು,
ತಮ್ಮ ತಮ್ಮ ಕೀಲಿ ಹುಡುಕಿ ಕೈಲಿ ಹಿಡಿದರು,
ಮತ್ತೆ ಅಲ್ಲೇ ಇಟ್ಟು ಹೋದರು.
ಮಾತಾಡಿದ್ದು ಅಕ್ಕ ಒಬ್ಬಳೇ:
'ನಂದೂ ಇತ್ತಾ ಇದರಲ್ಲಿ?'
ಇತ್ತು. ಅಪ್ಪ ಕೊಟ್ಟಿದ್ದು.
ತುಂಬ ಹೊತ್ತು ನೋಡಿದಳು. ಒಯ್ದಳು.

ನೆಲ ಕಲ್ಲಾಗಿದೆ ಈಗ, ಹಾರೆಯೂ ಇಳಿಯದು.
ಸರೋವರದ ಮಂಜು ಒಡೆದು ಮೇ ತಿಂಗಳಿಗೆ ಮಣ್ಣು.
ಅಲ್ಲಿಯತನಕ ಸ್ಮಶಾನದ ಕಲ್ಲುಕೋಣೆಯಲ್ಲಿದ್ದಾನೆ,
ಈ ಚಳಿಗಾಲ ಹೋದ ಇನ್ನಿಬ್ಬರ ಜೊತೆ.
ಆ ಬಾಗಿಲ ಬೀಗ ಅವನೇ ಪುರಸಭೆಗೆ ಮಾರಿದ್ದು.
ಹನ್ನೊಂದು ಡಾಲರ್ ನಲವತ್ತು ಸೆಂಟು,
ರಸೀದಿ ನನ್ನ ಕಡತದಲ್ಲಿದೆ.
ನಕಲು ಕೀಲಿ ಈ ಖಾನೆಯಲ್ಲಿ.
ಚೀಟಿಯ ಮೇಲೆ: 'ಊರಿನದು. ಮೆಲ್ಲಗೆ.'

'ತುಂಬಲಾರದ' ಹೊಡೆದುಹಾಕಿದ್ದೇನೆ.
'ನಷ್ಟ' ಕೂಡ.
ಸಭೆ ಏಳಕ್ಕೆ. ಆರೂಮುಕ್ಕಾಲು ಆಯಿತು.
ಹೊರಗೆ ದೀಪ ಹತ್ತಿಕೊಂಡವು,
ಯಾರೋ ಒಬ್ಬ ನಡೆಯುತ್ತಿದ್ದಾನೆ.